ಹೊಸ ಸಂವಿಧಾನ ಬರೆಯುವಾಗ ರಾಜಿ ಕಾಗದದ ಮೇಲೆ ಹೇಗೆ ಇಳಿಯುತ್ತದೆ?

ಕರಡುಪ್ರತಿ (ಪ್ರಶ್ನೆ ಕೇಳಿದವರು; ಮುಂದಿನ ತಲೆಬರಹಗಳೂ ಬರೆದವರ ಅಡ್ಡಹೆಸರುಗಳೇ)

ಕಾನೂನು ವಿದ್ಯಾರ್ಥಿಗಳಿಗೆ ಎರಡು ದಿನದ ಅಣಕು ಸಂವಿಧಾನ ಸಭೆಯ ಟಿಪ್ಪಣಿ ಸಿದ್ಧವಾಗುತ್ತಿದೆ. ದೇಶ ಕಾಲ್ಪನಿಕ. ಗುಂಪುಗಳು ಐದು: ಜನಸಂಖ್ಯೆಯಲ್ಲಿ ದೊಡ್ಡದಾದ ಒಂದು ಪ್ರಾಂತ್ಯ, ಎರಡು ಸಣ್ಣ ಪ್ರಾಂತ್ಯಗಳು, ಒಂದು ಭಾಷಾ ಅಲ್ಪಸಂಖ್ಯಾತ ಗುಂಪು, ಮತ್ತು ಜಮೀನ್ದಾರರ ಪಕ್ಷ.

ತೊಡಕು ಇಷ್ಟೇ. ರಾಜಿ ಎಂದ ಕೂಡಲೇ ವಿದ್ಯಾರ್ಥಿಗಳು ನಡುವಿನ ಅಂಕಿ ಹುಡುಕುತ್ತಾರೆ. ಒಬ್ಬರು ಹತ್ತು ವರ್ಷ ಅಂದರೆ ಇನ್ನೊಬ್ಬರು ಇಪ್ಪತ್ತು ಅನ್ನುತ್ತಾರೆ, ಹದಿನೈದಕ್ಕೆ ಕೈಕುಲುಕಿ ಮುಗಿಸುತ್ತಾರೆ. ನಿಜವಾದ ಸಭೆಗಳಲ್ಲಿ ಹೀಗೆ ನಡೆದಿಲ್ಲ ಅನ್ನುವುದು ಗೊತ್ತು. ಆದರೆ ಅಲ್ಲಿ ರಾಜಿಯನ್ನು ವಿಧಿಯ ರೂಪಕ್ಕೆ ತರಲು ಯಾವ ಉಪಾಯ ಬಳಸಿದರು, ಯಾವುದು ಬಾಳಿತು, ಯಾವುದು ಹತ್ತಿಪ್ಪತ್ತು ವರ್ಷದಲ್ಲಿ ಒಡೆಯಿತು? ಮತದಾನಕ್ಕೆ ಎಷ್ಟು ಬಹುಮತ ಇಟ್ಟರೆ ಸರಿ? ನಿರ್ದಿಷ್ಟ ಉದಾಹರಣೆ ಕೊಟ್ಟರೆ ಉಪಕಾರ. ಬರೀ ತತ್ವ ಬೇಡ.

ಸಭಾನಡಾವಳಿ

ಗಡುವಿನಿಂದ ಶುರು ಮಾಡಿ. ಸಂವಿಧಾನ ಬರೆಯುವವರು ಅತಿ ಹೆಚ್ಚು ಬಳಸಿದ ಉಪಾಯ ಅದು. ಎಲ್ಲರೂ ವರ್ಷದ ಅಂಕಿಯನ್ನೇ ನೋಡುತ್ತಾರೆ. ನೋಡಬೇಕಾದದ್ದು ಗಡುವು ಮುಗಿದ ದಿನ ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು. ಸುಮ್ಮನಿದ್ದರೆ ಯಾರಿಗೆ ಲಾಭವೋ ಆ ಪಕ್ಷ ಮಾತುಕತೆಯಲ್ಲಿ ಗೆದ್ದಿದೆ ಎಂದೇ ಅರ್ಥ.

ಮೂರು ಗಡುವುಗಳನ್ನು ಪಕ್ಕಪಕ್ಕ ಇಡಿ.

ಮೊದಲನೆಯದು ಅಮೆರಿಕದ್ದು. ಅಲ್ಲಿನ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಮಾವೇಶದಲ್ಲಿ ಗುಲಾಮರ ಆಮದನ್ನು 1808ಕ್ಕೆ ಮೊದಲು ಕಾಂಗ್ರೆಸ್ (ಅಲ್ಲಿನ ಸಂಸತ್ತು) ನಿಷೇಧಿಸುವಂತಿಲ್ಲ ಎಂದು ಬರೆದರು. ಸಮಿತಿ ಕೊಟ್ಟದ್ದು 1800, ಸಭೆ ಅದನ್ನು 1808ಕ್ಕೆ ಎಳೆಯಿತು. ಬದಲಿಗೆ ಉತ್ತರದ ರಾಜ್ಯಗಳಿಗೆ ಸಿಕ್ಕಿದ್ದು ಬೇರೆಯೇ ವಿಷಯದಲ್ಲಿ: ಹಡಗು ಸಾಗಾಟ ಮತ್ತು ವಾಣಿಜ್ಯದ ಕಾಯ್ದೆಗಳಿಗೆ ಮೂರನೇ ಎರಡು ಬಹುಮತ ಬೇಕು ಎಂಬ ದಕ್ಷಿಣದವರ ಪಟ್ಟು ಸಡಿಲವಾಗಿ, ಸಾಮಾನ್ಯ ಬಹುಮತ ಸಾಕೆಂದಾಯಿತು. ಗಮನಿಸಿ, 1808ರಲ್ಲಿ ನಿಷೇಧ ತಾನಾಗಿ ಬರುತ್ತಿರಲಿಲ್ಲ. ಕಾಂಗ್ರೆಸ್ ಕಾಯ್ದೆ ಮಾಡಬೇಕಿತ್ತು. 1807ರ ಮಾರ್ಚ್‌ನಲ್ಲಿ ಮಾಡಿತು, 1808ರ ಜನವರಿ 1ರಿಂದ ಜಾರಿಗೆ ಬಂತು. ಆದರೆ ಗಡುವು ಹತ್ತಿರ ಬಂದಂತೆ 1803ರಲ್ಲಿ ದಕ್ಷಿಣ ಕ್ಯಾರೊಲೈನಾ ತಾನು ಮುಚ್ಚಿದ್ದ ಆಮದನ್ನು ಮತ್ತೆ ತೆರೆಯಿತು, ಕೊನೆಯ ವರ್ಷಗಳಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ತಂದು ಇಳಿಸಿದರು. ಕೆಟ್ಟದ್ದಕ್ಕೆ ಗಡುವು ಕೊಟ್ಟರೆ ಕೊನೆಯಲ್ಲಿ ಅದು ಉಕ್ಕುತ್ತದೆ. ಕರಡು ಬರೆಯುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಎರಡನೆಯದು ನಮ್ಮ 334ನೇ ವಿಧಿ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಮೀಸಲು ಸ್ಥಾನ, ಹತ್ತು ವರ್ಷಕ್ಕೆ. ಹತ್ತು ವರ್ಷ ಕಳೆದು ಏನೂ ಮಾಡದಿದ್ದರೆ ಮೀಸಲು ನಿಂತುಹೋಗುತ್ತದೆ. ಮುಂದುವರಿಸಲು ಸಂವಿಧಾನ ತಿದ್ದುಪಡಿಯೇ ಬೇಕು. ಹಾಗಾಗಿ ದಶಕಕ್ಕೊಮ್ಮೆ ಸಂಸತ್ತು ತಿದ್ದುಪಡಿ ತರುತ್ತಲೇ ಬಂದಿದೆ. 104ನೇ ತಿದ್ದುಪಡಿ ಅದನ್ನು 2030ಕ್ಕೆ ಒಯ್ದಿದೆ, ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನವನ್ನು ಮಾತ್ರ ಮುಂದುವರಿಸಲಿಲ್ಲ. ಗಟ್ಟಿಯಾದ ರಾಜಕೀಯ ಬೆಂಬಲ ಇಲ್ಲದ ಗುಂಪಿಗೆ ಇಂಥ ಗಡುವು ಎಷ್ಟು ಅಪಾಯ ಅನ್ನುವುದು ಆ ಒಂದೇ ತಿದ್ದುಪಡಿಯಲ್ಲಿ ಕಾಣುತ್ತದೆ.

ಮೂರನೆಯದು ಭಾಷೆಯದು, 343ನೇ ವಿಧಿ. ನಿಮ್ಮ ಭಾಷಾ ಅಲ್ಪಸಂಖ್ಯಾತ ಗುಂಪಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

1949ರ ಸೆಪ್ಟೆಂಬರ್ 12ರಿಂದ 14ರವರೆಗೆ ನಮ್ಮ ಸಂವಿಧಾನ ಸಭೆಯಲ್ಲಿ ನಡೆದ ಚರ್ಚೆಯ ಮುಂದೆ ಇದ್ದದ್ದು ಕೆ.ಎಂ. ಮುನ್ಶಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಸೂತ್ರ. ಅದರಲ್ಲಿ ಒಂದು ಬೇಡಿಕೆಯನ್ನು ಅರ್ಧಕ್ಕೆ ಕತ್ತರಿಸಿಲ್ಲ. ಬೇಡಿಕೆಯನ್ನು ಆರೇಳು ತುಂಡು ಮಾಡಿ ಬೇರೆಬೇರೆಯವರಿಗೆ ಹಂಚಿದ್ದಾರೆ. ಒಕ್ಕೂಟದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಹಿಂದಿ: ಇದು ಹಿಂದಿ ಬಣಕ್ಕೆ. ಅಂಕಿಗಳು ಮಾತ್ರ ಅಂತರರಾಷ್ಟ್ರೀಯ ರೂಪದ ಭಾರತೀಯ ಅಂಕಿಗಳು (1, 2, 3): ಇದು ದಕ್ಷಿಣದವರಿಗೆ, ಮತ್ತು ಇದೊಂದರ ಮೇಲೆಯೇ ದಿನಗಟ್ಟಲೆ ಕಾವೇರಿದ ವಾದ ನಡೆಯಿತು. ಹದಿನೈದು ವರ್ಷ, ಅಂದರೆ 1965ರ ಜನವರಿ 26ರವರೆಗೆ, ಇಂಗ್ಲಿಷ್ ಹಿಂದಿನಂತೆಯೇ. ಆಮೇಲೂ ಬೇಕಿದ್ದರೆ ಸಂಸತ್ತು ಕಾಯ್ದೆ ಮಾಡಿ ಇಂಗ್ಲಿಷ್ ಮುಂದುವರಿಸಬಹುದು. 344ನೇ ವಿಧಿಯಲ್ಲಿ ಐದನೇ ಮತ್ತು ಹತ್ತನೇ ವರ್ಷಕ್ಕೆ ಭಾಷಾ ಆಯೋಗ. 345ರಲ್ಲಿ ರಾಜ್ಯಗಳಿಗೆ ತಮ್ಮ ಭಾಷೆ ಆರಿಸುವ ಸ್ವಾತಂತ್ರ್ಯ. 348ರಲ್ಲಿ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳಿಗೆ ಇಂಗ್ಲಿಷ್. ಎಂಟನೇ ಅನುಸೂಚಿಯಲ್ಲಿ ಆಗ 14 ಭಾಷೆಗಳು, ಕನ್ನಡವೂ ಸೇರಿ. 351ರಲ್ಲಿ ಹಿಂದಿಯನ್ನು ಬೆಳೆಸುವ ಹೊಣೆ ಒಕ್ಕೂಟಕ್ಕೆ, ಆದರೆ ಬೇರೆ ಭಾರತೀಯ ಭಾಷೆಗಳಿಂದ ಪದ, ಶೈಲಿ ಪಡೆದು ಬೆಳೆಸಬೇಕು ಎಂಬ ಷರತ್ತಿನೊಂದಿಗೆ.

ಈಗ ಗಡುವಿನ ಪ್ರಶ್ನೆ ಕೇಳಿ. 1965ರಲ್ಲಿ ಸುಮ್ಮನಿದ್ದರೆ? ಇಂಗ್ಲಿಷ್ ಹೋಗುತ್ತದೆ, ಹಿಂದಿ ಉಳಿಯುತ್ತದೆ. ಅಂದರೆ ಮೌನದ ಲಾಭ ಹಿಂದಿಗೆ. ಆದರೆ ಇಂಗ್ಲಿಷ್ ಉಳಿಸಲು ಸಂವಿಧಾನ ತಿದ್ದುಪಡಿ ಬೇಡ, ಸಾಮಾನ್ಯ ಬಹುಮತದ ಕಾಯ್ದೆ ಸಾಕು. ಇದು ಹಿಂದಿಯೇತರರಿಗೆ ಸಿಕ್ಕ ದೊಡ್ಡ ರಿಯಾಯಿತಿ. 334ರ ಬೀಗಕ್ಕಿಂತ ಈ ಬೀಗ ಎಷ್ಟೋ ಸಡಿಲ.

ಆದರೂ ಅದು ಕೆಟ್ಟಿತು, ಏಕೆಂದರೆ ಹದಿನೈದು ವರ್ಷವನ್ನು ಎರಡು ಕಡೆಯವರೂ ಬೇರೆಬೇರೆಯಾಗಿ ಓದಿಕೊಂಡರು. ಒಬ್ಬರಿಗೆ ಅದು ತಯಾರಿಯ ಅವಧಿ, ಇನ್ನೊಬ್ಬರಿಗೆ ಮುಂದೂಡಿಕೆ. 1963ರ ಅಧಿಕೃತ ಭಾಷೆಗಳ ಕಾಯ್ದೆ ಇಂಗ್ಲಿಷನ್ನು ಮುಂದುವರಿಸಬಹುದು ಎಂದಷ್ಟೇ ಹೇಳಿತು, ಕಡ್ಡಾಯ ಮಾಡಲಿಲ್ಲ. 1965ರ ಜನವರಿಯಲ್ಲಿ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು, ಪ್ರಾಣಗಳು ಹೋದವು. 1967ರ ತಿದ್ದುಪಡಿಯಲ್ಲಿ ಮೌನದ ಲಾಭವನ್ನೇ ತಿರುಗಿಸಿಟ್ಟರು: ಹಿಂದಿಯನ್ನು ಅಧಿಕೃತ ಭಾಷೆಯಾಗಿ ಒಪ್ಪದ ಎಲ್ಲ ರಾಜ್ಯಗಳ ಶಾಸನಸಭೆಗಳೂ ನಿರ್ಣಯ ಮಾಡಿ, ಆಮೇಲೆ ಸಂಸತ್ತಿನ ಎರಡೂ ಸದನಗಳು ನಿರ್ಣಯ ಮಾಡುವ ತನಕ ಇಂಗ್ಲಿಷ್ ಬಳಕೆ ನಿಲ್ಲುವುದಿಲ್ಲ. ಈಗ ಸುಮ್ಮನಿದ್ದರೆ ಇಂಗ್ಲಿಷ್ ಉಳಿಯುತ್ತದೆ. ಇಪ್ಪತ್ತು ವರ್ಷದಿಂದ ಅಲುಗಾಡುತ್ತಿದ್ದ ರಾಜಿ ಆಗ ಒಂದು ನೆಲೆಗೆ ಬಂತು.

ನಿಮ್ಮ ವಿದ್ಯಾರ್ಥಿಗಳು ಯಾವುದೇ ಗಡುವು ಬರೆದರೂ ಅದರ ಕೆಳಗೆ ಎರಡು ಸಾಲು ಕಡ್ಡಾಯ ಮಾಡಿ: ಗಡುವು ಮುಗಿದಾಗ ಯಾವ ಸ್ಥಿತಿ ತಾನಾಗಿ ಜಾರಿಗೆ ಬರುತ್ತದೆ, ಮತ್ತು ಅದನ್ನು ಬದಲಿಸಲು ಎಷ್ಟು ಬಹುಮತ ಬೇಕು.

ಮೂರನೇಎರಡು

ಬಹುಮತದ ಪ್ರಶ್ನೆಗೆ ದಕ್ಷಿಣ ಆಫ್ರಿಕಾ ನೋಡಿ. ಆ ಅಂಕಿಯ ಮೇಲೆಯೇ ಅಲ್ಲಿ ವರ್ಣಭೇದ ಆಡಳಿತ ಕೊನೆಗಾಣಿಸುವ ಮಾತುಕತೆ ಮುರಿದುಬಿದ್ದಿತ್ತು. 1992ರ ಮೇ ತಿಂಗಳ ಎರಡನೇ ಸುತ್ತಿನ ಬಹುಪಕ್ಷೀಯ ಸಮಾವೇಶದಲ್ಲಿ ಹೊಸ ಸಂವಿಧಾನಕ್ಕೆ ಶೇಕಡಾ 70 ಸಾಕೋ 75 ಬೇಕೋ ಎಂದು ಜಗ್ಗಾಟ. ಮೇಲ್ನೋಟಕ್ಕೆ ಐದು ಅಂಕಿಯ ವ್ಯತ್ಯಾಸ. ಒಳಗಿನ ಪ್ರಶ್ನೆ, ಬಿಳಿಯರ ನ್ಯಾಷನಲ್ ಪಾರ್ಟಿಗೆ ತಡೆ ಹಾಕುವ ಶಕ್ತಿ ಇರಬೇಕೋ ಬೇಡವೋ ಎಂಬುದು.

ಬಿಕ್ಕಟ್ಟು ಬಿಡಿಸಿದ್ದು 72 ಅಥವಾ 73 ಎಂಬ ನಡುವಿನ ಅಂಕಿ ಅಲ್ಲ. ಸಂವಿಧಾನವನ್ನು ಎರಡು ಹಂತದಲ್ಲಿ ಬರೆಯುವುದು ಎಂದು ಒಪ್ಪಿದರು. ಮೊದಲು ಚುನಾವಣೆಗೆ ಮುಂಚೆ ಪಕ್ಷಗಳೇ ಕೂತು ಮಾತಾಡಿದ 1993ರ ಮಧ್ಯಂತರ ಸಂವಿಧಾನ, ಅದರ ನಾಲ್ಕನೇ ಅನುಸೂಚಿಯಲ್ಲಿ 34 ಸಾಂವಿಧಾನಿಕ ತತ್ವಗಳು. ಆಮೇಲೆ 1994ರ ಏಪ್ರಿಲ್ ಚುನಾವಣೆಯಲ್ಲಿ ಆಯ್ಕೆಯಾದ ಎರಡು ಸದನಗಳು ಒಟ್ಟಾಗಿ, 400 ಮತ್ತು 90 ಸೇರಿ 490 ಸದಸ್ಯರ ಸಂವಿಧಾನ ಸಭೆ. ಅದಕ್ಕೆ ಮೂರನೇ ಎರಡು ಬಹುಮತ, ಎರಡು ವರ್ಷದ ಅವಧಿ. ಕೊನೆಯ ಪಠ್ಯ ಆ 34 ತತ್ವಗಳಿಗೆ ಹೊಂದುತ್ತದೆಯೇ ಎಂದು ಹೊಸ ಸಾಂವಿಧಾನಿಕ ನ್ಯಾಯಾಲಯ ಪ್ರಮಾಣೀಕರಿಸಬೇಕು.

ಇದರ ಹಿಂದಿನ ಲೆಕ್ಕ ಹೀಗೆ. ಚುನಾವಣೆ ನಡೆಯದೆ ಬರೆದರೆ ಮಂಡೇಲಾರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ಗೆ (ಎಎನ್‌ಸಿ) ಒಪ್ಪಿಗೆಯಿಲ್ಲ: ಜನ ಆರಿಸದವರು ಸಂವಿಧಾನ ಬರೆಯುವಂತಿಲ್ಲ. ಚುನಾವಣೆ ನಡೆಸಿ ಬರೆದರೆ ನ್ಯಾಷನಲ್ ಪಾರ್ಟಿಗೆ ಭಯ: ಬಹುಮತದವರು ಬೇಕಾದ್ದು ಬರೆದುಕೊಳ್ಳುತ್ತಾರೆ. ಬರೆಯುವ ಅಧಿಕಾರ ಗೆದ್ದವರಿಗೆ, ಮೀರಬಾರದ ಗೆರೆಗಳು ಮೊದಲೇ ಒಪ್ಪಿದವು, ಗೆರೆ ಕಾಯುವವರು ಮೂರನೆಯವರು. ಈ ಮೂರರಲ್ಲಿ ಯಾವುದನ್ನು ತೆಗೆದರೂ ಒಪ್ಪಂದ ನಿಲ್ಲುತ್ತಿರಲಿಲ್ಲ. 1996ರ ಮೇ 8ರಂದು ಸಭೆ ಅಂಗೀಕರಿಸಿದ ಪಠ್ಯವನ್ನು ನ್ಯಾಯಾಲಯ ಸೆಪ್ಟೆಂಬರ್ 6ರಂದು ನಿಜಕ್ಕೂ ವಾಪಸು ಕಳಿಸಿತು. ಪ್ರಾಂತ್ಯಗಳ ಅಧಿಕಾರ ಮಧ್ಯಂತರ ಪಠ್ಯಕ್ಕಿಂತ ಕಡಿಮೆಯಾಗಿದೆ, ಸ್ಥಳೀಯ ಆಡಳಿತದ ಚೌಕಟ್ಟು ಸಾಲದು, ಹಕ್ಕುಗಳ ಅಧ್ಯಾಯ ತಿದ್ದಲು ಇಟ್ಟ ತಡೆ ಗಟ್ಟಿಯಿಲ್ಲ, ಹೀಗೆ ಕೆಲವು ಕಾರಣ ಕೊಟ್ಟಿತು. ಅಕ್ಟೋಬರ್ 11ರಂದು ತಿದ್ದಿದ ಪಠ್ಯ, ಡಿಸೆಂಬರ್ 4ರಂದು ಪ್ರಮಾಣೀಕರಣ, 1997ರ ಫೆಬ್ರವರಿ 4ರಿಂದ ಜಾರಿ. ಎಲ್ಲ ಪಕ್ಷಗಳೂ ಆ ತೀರ್ಪಿಗೆ ತಲೆಬಾಗಿದವು ಅನ್ನುವುದೇ ನನ್ನ ಲೆಕ್ಕದಲ್ಲಿ ಆ ಇಡೀ ಪ್ರಕ್ರಿಯೆಯ ದೊಡ್ಡ ಸಾಧನೆ.

ಎಎನ್‌ಸಿಗೆ ಬಂದ ಮತ ಶೇಕಡಾ 62.65, 400ರಲ್ಲಿ 252 ಸ್ಥಾನ. ಮೂರನೇ ಎರಡಕ್ಕೆ ಸ್ವಲ್ಪವೇ ಕಡಿಮೆ. ಹಾಗಾಗಿ ಇನ್ನೊಂದು ಪಕ್ಷದ ಕೈ ಹಿಡಿಯಲೇಬೇಕಾಯಿತು. ನಿಮ್ಮ ಅಣಕು ಸಭೆಯಲ್ಲೂ ಗುಂಪುಗಳ ಸಂಖ್ಯೆಯನ್ನು ಹಾಗೇ ಇಡಿ: ದೊಡ್ಡ ಗುಂಪಿಗೆ ನಿಗದಿತ ಬಹುಮತಕ್ಕಿಂತ ಕಡಿಮೆ. ಒಬ್ಬರೇ ದಾಟುವ ಹಾಗಿದ್ದರೆ ರಾಜಿ ಆಗುವುದಿಲ್ಲ. ಯಾವುದಾದರೂ ಒಂದು ಗುಂಪು ಒಂಟಿಯಾಗಿ ತಡೆಯುವ ಹಾಗಿದ್ದರೆ ಸಭೆ ಮುಗಿಯುವುದಿಲ್ಲ.

ಬಿಕ್ಕಟ್ಟಿಗೆ ಮೆಟ್ಟಿಲುಗಳನ್ನೂ ಬರೆದಿಟ್ಟಿದ್ದರು. ಮೂರನೇ ಎರಡು ಸಿಗದೆ ಬರೀ ಬಹುಮತ ಸಿಕ್ಕರೆ ಪಠ್ಯ ತಜ್ಞರ ಮಂಡಳಿಗೆ ಹೋಗುತ್ತದೆ, ಅವರಿಗೆ 30 ದಿನ. ಅವರು ತಿದ್ದಿಕೊಟ್ಟದ್ದಕ್ಕೂ ಮೂರನೇ ಎರಡು ಸಿಗದಿದ್ದರೆ ಸಾಮಾನ್ಯ ಬಹುಮತದಿಂದ ಒಪ್ಪಿದ ಪಠ್ಯ ಜನಮತಗಣನೆಗೆ, ಅಲ್ಲಿ ಶೇಕಡಾ 60 ಬೇಕು. ಅಲ್ಲೂ ಸೋತರೆ ಸಂಸತ್ತು ವಿಸರ್ಜನೆ, ಹೊಸ ಚುನಾವಣೆ, ಹೊಸ ಸಭೆಗೆ ಒಂದು ವರ್ಷ ಮತ್ತು ಶೇಕಡಾ 60. ಒಂದೂ ಮೆಟ್ಟಿಲು ಬಳಕೆಗೆ ಬರಲಿಲ್ಲ. ಕೆಳಗಿನ ಮೆಟ್ಟಿಲು ಇಳಿದಷ್ಟೂ ಸಣ್ಣ ಪಕ್ಷಗಳ ಬೆಲೆ ಕಡಿಮೆಯಾಗುತ್ತದೆ, ದೊಡ್ಡ ಪಕ್ಷಕ್ಕೆ ಕಾಲಹರಣದ ನಷ್ಟ ಆಗುತ್ತದೆ. ಆದ್ದರಿಂದ ಎರಡು ಕಡೆಯವರೂ ಮೇಲಿನ ಮೆಟ್ಟಿಲಲ್ಲೇ ಮುಗಿಸಿದರು.

ಗಡುವಿನ ವಿಷಯಕ್ಕೂ ಒಂದು ಮಾತು. ಅಧಿಕಾರ ಹಂಚಿಕೆಗೆ ಕೊನೆಯ ದಿನ ಗೊತ್ತು ಮಾಡಿ ಒಪ್ಪಿಕೊಳ್ಳೋಣ ಎಂದು 1992ರಲ್ಲಿ ಸೂಚಿಸಿದವರು ಕಮ್ಯುನಿಸ್ಟ್ ಪಕ್ಷದ ಜೋ ಸ್ಲೊವೊ. ಮಧ್ಯಂತರ ಸಂವಿಧಾನದಲ್ಲಿ ಅದು ಅಂಕಿಗಳಾಯಿತು: 80 ಸ್ಥಾನ ಪಡೆದ ಪಕ್ಷಕ್ಕೆ ಉಪಾಧ್ಯಕ್ಷ ಹುದ್ದೆ, 20 ಸ್ಥಾನ ಪಡೆದ ಪಕ್ಷಕ್ಕೆ ಸಂಪುಟದಲ್ಲಿ ಪಾಲು, 1999ರವರೆಗೆ. ನ್ಯಾಷನಲ್ ಪಾರ್ಟಿಗೆ ಬಂದದ್ದು 82. ಹಿಂದಿನ ಆಡಳಿತದ ಅಧ್ಯಕ್ಷ ಡಿ ಕ್ಲರ್ಕ್ ಉಪಾಧ್ಯಕ್ಷರಾದರು. ಕಾಯಂ ಸಂವಿಧಾನ ಅಂಗೀಕಾರವಾದ ಮರುದಿನವೇ ಪಕ್ಷ ಸರ್ಕಾರದಿಂದ ಹೊರಬರುವ ತೀರ್ಮಾನ ಪ್ರಕಟಿಸಿತು. ಗಡುವಿಗೆ ಮುಂಚೆಯೇ ಒಂದು ಕಡೆ ಬಿಟ್ಟುಹೋದರೂ ಉಳಿದದ್ದು ಕುಸಿಯಲಿಲ್ಲ ಅನ್ನುವುದು ಕರಡಿನ ಬಲ.

ಕರಡುಪ್ರತಿ

ಇಬ್ಬರಿಗೂ ಧನ್ಯವಾದ. ಗಡುವಿನ ಕೆಳಗೆ ಎರಡು ಸಾಲು ಅನ್ನುವುದನ್ನು ನಿಯಮವಾಗಿಯೇ ಸೇರಿಸುತ್ತೇನೆ.

ಇನ್ನೂ ಎರಡು ಕೇಳಬೇಕು. ಒಪ್ಪಿಗೆ ಆಗದ ಕಡೆ ಅಸ್ಪಷ್ಟವಾಗಿ ಬರೆದು ಮುಂದೆ ಹೋಗುವುದು ಸರಿಯೇ? ಜಮೀನ್ದಾರರ ಪಕ್ಷ ಪರಿಹಾರದ ಮೊತ್ತದ ಮೇಲೆ ಖಂಡಿತ ಪಟ್ಟು ಹಿಡಿಯುತ್ತದೆ. ಮತ್ತೆ, ಸಣ್ಣ ಪ್ರಾಂತ್ಯ–ದೊಡ್ಡ ಪ್ರಾಂತ್ಯದ ಜಗಳಕ್ಕೆ ಫಿಲಡೆಲ್ಫಿಯಾ ಮಾದರಿ ಕೊಡಬಹುದೇ?

ಪರಂತುಕ

ಅಸ್ಪಷ್ಟವಾಗಿ ಬರೆಯುವುದು ಅಂದರೆ ತೀರ್ಮಾನವನ್ನು ನ್ಯಾಯಾಧೀಶರಿಗೆ ಒಪ್ಪಿಸುವುದು. ಅದು ಗೊತ್ತಿದ್ದು, ಬೇಕೆಂದೇ ಮಾಡಿದರೆ ತಪ್ಪಿಲ್ಲ. ದಕ್ಷಿಣ ಆಫ್ರಿಕಾದ ಮಧ್ಯಂತರ ಸಂವಿಧಾನ ಮರಣದಂಡನೆಯ ಬಗ್ಗೆ ಬಾಯಿ ಬಿಡಲಿಲ್ಲ, ಬದುಕುವ ಹಕ್ಕು ಇದೆ ಎಂದಷ್ಟೇ ಬರೆಯಿತು. 1995ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಮರಣದಂಡನೆಯನ್ನು ರದ್ದು ಮಾಡಿತು. ಪಕ್ಷಗಳಿಗೆ ತಮ್ಮ ಮತದಾರರ ಮುಂದೆ ಹೊಣೆ ಹೊರುವ ಕಷ್ಟ ತಪ್ಪಿತು, ಸಂವಿಧಾನ ಬರೆಯುವ ಕೆಲಸವೂ ನಿಲ್ಲಲಿಲ್ಲ.

ಆಸ್ತಿಯ ವಿಷಯದಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೂಲ 31ನೇ ವಿಧಿಯೇ ಸಾಕ್ಷಿ. 1949ರ ಸೆಪ್ಟೆಂಬರ್ 10ರಂದು ನೆಹರೂ ಮಂಡಿಸಿದ ಪಠ್ಯದಲ್ಲಿ ಎರಡು ಕಡೆಗೂ ಜಾಗ ಇತ್ತು. ಪರಿಹಾರ ಕೊಡದೆ ಆಸ್ತಿ ತೆಗೆದುಕೊಳ್ಳುವಂತಿಲ್ಲ: ಇದು ಮಾಲೀಕರಿಗೆ. ಆದರೆ ಪರಿಹಾರ ನ್ಯಾಯಸಮ್ಮತವಾಗಿರಬೇಕು ಎಂಬ ವಿಶೇಷಣವನ್ನು ಬೇಕೆಂದೇ ಬಿಟ್ಟರು, ಮೊತ್ತವನ್ನೋ ಅದನ್ನು ಲೆಕ್ಕ ಹಾಕುವ ಸೂತ್ರವನ್ನೋ ಕಾಯ್ದೆ ಹೇಳಿದರೆ ಸಾಕು ಎಂದರು: ಇದು ಭೂಸುಧಾರಣೆಯವರಿಗೆ. ಅದರ ಮೇಲೆ 4 ಮತ್ತು 6ನೇ ಉಪವಿಧಿಗಳಲ್ಲಿ ಆಗಲೇ ನಡೆಯುತ್ತಿದ್ದ ಜಮೀನ್ದಾರಿ ರದ್ದತಿ ಕಾಯ್ದೆಗಳಿಗೆ ಪ್ರತ್ಯೇಕ ರಕ್ಷಣೆ ಕೊಟ್ಟರು.

ಎರಡು ಕಡೆ ಸೋರಿತು. ಆ ರಕ್ಷಣೆ ಇದ್ದದ್ದು ಪರಿಹಾರದ ಕಾರಣಕ್ಕೆ ಪ್ರಶ್ನಿಸುವುದರ ವಿರುದ್ಧ. 1951ರಲ್ಲಿ ಪಾಟ್ನಾ ಹೈಕೋರ್ಟ್ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ಹೊಡೆದುಹಾಕಿದ್ದು 14ನೇ ವಿಧಿಯ ಸಮಾನತೆಯ ಆಧಾರದಲ್ಲಿ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ಮರೆತಂತಾಯಿತು. ಅದೇ ವರ್ಷ ಮೊದಲ ತಿದ್ದುಪಡಿ ಬಂತು: 31ಎ, 31ಬಿ, ಮತ್ತು ಮೂಲಭೂತ ಹಕ್ಕಿನ ಹೆಸರಲ್ಲಿ ಪ್ರಶ್ನಿಸಲಾಗದಂತೆ 13 ಕಾಯ್ದೆಗಳನ್ನು ಹಾಕಿದ ಒಂಬತ್ತನೇ ಅನುಸೂಚಿ. ಎರಡನೇ ಸೋರಿಕೆ ಬಿಟ್ಟ ವಿಶೇಷಣದ್ದು. ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಹಾರ ಎಂದರೆ ಕಳೆದುಕೊಂಡ ಆಸ್ತಿಗೆ ಸರಿಸಮನಾದ ಮೌಲ್ಯವೇ ಎಂದು ಓದಿತು. ಸಭೆ ಬೇಕೆಂದೇ ಬಿಟ್ಟದ್ದು ನ್ಯಾಯಾಲಯದ ಮೂಲಕ ಒಳಗೆ ಬಂತು. 1955ರ ನಾಲ್ಕನೇ ತಿದ್ದುಪಡಿ ಅದಕ್ಕೆ ಉತ್ತರ. ಈ ಹಗ್ಗಜಗ್ಗಾಟ ಮುಗಿದದ್ದು 1978ರ 44ನೇ ತಿದ್ದುಪಡಿಯಲ್ಲಿ, ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದು 300ಎ ವಿಧಿಗೆ ಕಳಿಸಿದಾಗ.

ಇದನ್ನು ನೋಡಿದ ಮೇಲೆ ದಕ್ಷಿಣ ಆಫ್ರಿಕಾದ 25ನೇ ವಿಧಿ ಓದಿ. ಅವರು ವಿಶೇಷಣ ಬಿಡಲಿಲ್ಲ. ಪರಿಹಾರ ನ್ಯಾಯವಾಗಿಯೂ ಸಮತೂಕವಾಗಿಯೂ ಇರಬೇಕೆಂದು ಬರೆದು, ಲೆಕ್ಕ ಹಾಕುವಾಗ ಏನೇನು ನೋಡಬೇಕು ಎಂಬುದನ್ನೂ ಬರೆದರು: ಆಸ್ತಿಯ ಈಗಿನ ಬಳಕೆ, ಅದು ಕೈಗೆ ಬಂದ ಇತಿಹಾಸ, ಮಾರುಕಟ್ಟೆ ಬೆಲೆ, ಸರ್ಕಾರ ಅದರಲ್ಲಿ ಹೂಡಿದ ಹಣ ಅಥವಾ ಕೊಟ್ಟ ಸಹಾಯಧನ, ವಶಪಡಿಸಿಕೊಳ್ಳುವ ಉದ್ದೇಶ. ಮಾರುಕಟ್ಟೆ ಬೆಲೆ ಐದರಲ್ಲಿ ಒಂದು ಮಾತ್ರ. ಭೂಸುಧಾರಣೆ ಸಾರ್ವಜನಿಕ ಹಿತಾಸಕ್ತಿ ಎಂದೂ ಅದೇ ವಿಧಿಯಲ್ಲಿ ಇದೆ. ಅಲ್ಲಿ ಭೂಮಿಯ ಪ್ರಶ್ನೆ ಇವತ್ತಿಗೂ ಆರಿಲ್ಲ, ಆದರೆ ಬರವಣಿಗೆಯಾಗಿ ಅದು ನಮ್ಮ 31ಕ್ಕಿಂತ ಎಷ್ಟೋ ಪ್ರಾಮಾಣಿಕ. ನಿಮ್ಮ ಜಮೀನ್ದಾರರ ಪಕ್ಷಕ್ಕೂ ಸುಧಾರಣೆಯವರಿಗೂ ಮೊತ್ತದ ಮೇಲೆ ಚೌಕಾಶಿ ಮಾಡಲು ಬಿಡಬೇಡಿ. ಪಟ್ಟಿಯಲ್ಲಿ ಯಾವ ಅಂಶ ಇರಬೇಕು ಎಂಬುದರ ಮೇಲೆ ಮಾಡಿಸಿ.

ಇನ್ನೊಂದು ಉಪಾಯ ಇಲ್ಲಿ ಬಿಟ್ಟುಹೋಗಿದೆ: ಒಪ್ಪಲೂ ಆಗದ, ತಳ್ಳಲೂ ಆಗದ ಬೇಡಿಕೆಗಳನ್ನು ನ್ಯಾಯಾಲಯಕ್ಕೆ ಒಯ್ಯಲಾಗದ ಭಾಗದಲ್ಲಿ ಇಡುವುದು. ನಮ್ಮ ರಾಜ್ಯನೀತಿ ನಿರ್ದೇಶಕ ತತ್ವಗಳು ಅದೇ. ಕರಡಿನಲ್ಲಿ ಗ್ರಾಮ ಪಂಚಾಯಿತಿಯ ಮಾತೇ ಇರಲಿಲ್ಲ. ಗಾಂಧಿವಾದಿಗಳ ಅಸಮಾಧಾನ ಜೋರಾದ ಮೇಲೆ 1948ರ ನವೆಂಬರ್‌ನಲ್ಲಿ ಕೆ. ಸಂತಾನಂ ಅವರ ತಿದ್ದುಪಡಿಯಿಂದ ಈಗಿನ 40ನೇ ವಿಧಿ ಬಂತು. ಏಕರೂಪ ನಾಗರಿಕ ಸಂಹಿತೆ, ಪಾನನಿರೋಧ, ಗೋರಕ್ಷಣೆ ಎಲ್ಲವೂ ಅದೇ ಭಾಗಕ್ಕೆ ಹೋದವು. ಇದನ್ನು ಬರೀ ಕಣ್ಣೊರೆಸುವ ಕೆಲಸ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಂಚಾಯಿತಿಗೆ 1992ರಲ್ಲಿ ಸಂಸತ್ತು ಅಂಗೀಕರಿಸಿದ 73ನೇ ತಿದ್ದುಪಡಿಯಲ್ಲಿ ಮೈಮೂಳೆ ಬಂತು, ನಾಲ್ಕು ದಶಕ ಅದು ಸಂವಿಧಾನದೊಳಗೇ ಕಾಯುತ್ತಿತ್ತು.

ಸಭಾನಡಾವಳಿ

ಫಿಲಡೆಲ್ಫಿಯಾ ಬಗ್ಗೆ. ಮಾದರಿ ಕೊಡಿ, ಆದರೆ ಪೂರ್ತಿ ಕೊಡಿ.

ಸಣ್ಣ–ದೊಡ್ಡ ರಾಜ್ಯಗಳ ಜಗಳ 1787ರ ಜುಲೈ 2ರಂದು 5–5ರ ಸಮಮತಕ್ಕೆ ಬಂದು ನಿಂತಿತು, ಜಾರ್ಜಿಯಾದ ಪ್ರತಿನಿಧಿಗಳು ತಮ್ಮೊಳಗೇ ಒಡೆದಿದ್ದರು. ಆಗ ರಾಜ್ಯಕ್ಕೊಬ್ಬರಂತೆ ಸಮಿತಿ ಮಾಡಿ ಅದಕ್ಕೆ ವಹಿಸಿದರು. ದೊಡ್ಡ ರಾಜ್ಯಗಳ ಪರ ಅತಿ ಬಿಗಿಯಾಗಿ ವಾದಿಸುತ್ತಿದ್ದ ಮ್ಯಾಡಿಸನ್ ಮತ್ತು ವಿಲ್ಸನ್ ಆ ಸಮಿತಿಯಲ್ಲಿ ಇರಲಿಲ್ಲ. ಅವರ ರಾಜ್ಯಗಳಿಂದ ಮೇಸನ್, ಫ್ರಾಂಕ್ಲಿನ್ ಹೋದರು. ಸಮಿತಿಗೆ ಯಾರನ್ನು ಕಳಿಸಿದರು ಎಂಬುದರಲ್ಲೇ ಅರ್ಧ ತೀರ್ಮಾನ ಆಗಿತ್ತು. ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ, ಮೇಲ್ಮನೆಯಲ್ಲಿ ಎಲ್ಲ ರಾಜ್ಯಕ್ಕೂ ಸಮ, ಹಣಕಾಸು ಮಸೂದೆ ಕೆಳಮನೆಯಲ್ಲೇ ಹುಟ್ಟಬೇಕು. ಜುಲೈ 16ರಂದು ಇದು 5–4ರಿಂದ ಪಾಸಾಯಿತು, ಮ್ಯಾಸಚೂಸೆಟ್ಸ್ ಮತ ಇಬ್ಭಾಗ. ರೋಡ್ ಐಲೆಂಡ್ ಬಂದೇ ಇರಲಿಲ್ಲ, ನ್ಯೂಯಾರ್ಕಿನ ಇಬ್ಬರು ಎದ್ದುಹೋಗಿದ್ದರಿಂದ ಆ ರಾಜ್ಯಕ್ಕೆ ಮತವಿರಲಿಲ್ಲ, ನ್ಯೂ ಹ್ಯಾಂಪ್‌ಶೈರ್ ಇನ್ನೂ ತಲುಪಿರಲಿಲ್ಲ. ಮುಂದೆ ಐದನೇ ವಿಧಿಯಲ್ಲಿ, ಒಪ್ಪಿಗೆಯಿಲ್ಲದೆ ಯಾವ ರಾಜ್ಯದ ಸೆನೆಟ್ ಸಮಾನತೆಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಬರೆದರು. ಆ ದಿನದ ಹಾಜರಿಯಲ್ಲಿ ಒಂದು ಮತದಿಂದ ಗೆದ್ದದ್ದು ಇವತ್ತಿಗೂ ಅಲುಗಾಡಿಲ್ಲ.

ಆ ಸೂತ್ರದಲ್ಲೇ ಇನ್ನೊಂದು ಲೆಕ್ಕವೂ ಇತ್ತು. ಸ್ಥಾನ ಮತ್ತು ನೇರ ತೆರಿಗೆ ಎರಡಕ್ಕೂ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಎಣಿಸುವುದು. ಈ ಅನುಪಾತ ಅಲ್ಲೇ ಹುಟ್ಟಿದ್ದಲ್ಲ, 1783ರಲ್ಲಿ ಹಳೆಯ ಕಾಂಗ್ರೆಸ್ ತೆರಿಗೆ ಹಂಚಿಕೆಗೆ ಸೂಚಿಸಿ, ಎಲ್ಲ ರಾಜ್ಯಗಳ ಒಪ್ಪಿಗೆ ಸಿಗದೆ ಬಿದ್ದುಹೋದದ್ದು. ಹೆಚ್ಚು ಸ್ಥಾನ ಬೇಕಾದರೆ ಹೆಚ್ಚು ತೆರಿಗೆ ಕೊಡಿ, ಇದು ಒಪ್ಪಂದ. ನೇರ ತೆರಿಗೆ ಹಾಕಿದ್ದು ಬೆರಳೆಣಿಕೆಯಷ್ಟು ಬಾರಿ, ಹೆಚ್ಚಿನ ಸ್ಥಾನ ಸಿಕ್ಕಿದ್ದು ಪ್ರತಿ ಚುನಾವಣೆಯಲ್ಲಿ. ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಳಿಗೂ ಅದೇ ಲೆಕ್ಕ ಹರಿಯಿತು. ಕೊಡು–ಕೊಳ್ಳುವ ಎರಡರಲ್ಲಿ ಒಂದು ಆಗಾಗ, ಇನ್ನೊಂದು ಅಪರೂಪಕ್ಕೆ ನಡೆಯುವುದಾದರೆ ಅದು ಸಮತೋಲನ ಅಲ್ಲ. ಲೆಕ್ಕಕ್ಕೆ ಸಿಕ್ಕ ಆ ಜನರ ಪರವಾಗಿ ಮಾತಾಡುವ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ. ಪಠ್ಯದಲ್ಲಿ ಗುಲಾಮರು ಎಂದು ಬರೆಯಲೂ ಇಲ್ಲ. ಗುಲಾಮಗಿರಿ ರದ್ದು ಮಾಡಿದ 1865ರ ತಿದ್ದುಪಡಿ ಬರಲು ಒಂದು ಅಂತರ್ಯುದ್ಧವೇ ಆಗಬೇಕಾಯಿತು.

ಹಾಗಾಗಿ ನಿಮ್ಮ ಐದು ಗುಂಪುಗಳ ಪಟ್ಟಿಯಲ್ಲಿ ಒಂದು ಕೊರತೆ ಕಾಣುತ್ತಿದೆ. ಜಮೀನ್ದಾರರ ಪಕ್ಷ ಇದೆ, ಆ ಜಮೀನು ಉಳುವ ಗೇಣಿದಾರರ ಗುಂಪು ಇಲ್ಲ. ಅವರಿಲ್ಲದೆ ಆಸ್ತಿ ವಿಧಿಯ ಚರ್ಚೆ ಸುಲಭವಾಗಿ ಮುಗಿಯುತ್ತದೆ, ತಪ್ಪಾಗಿ ಮುಗಿಯುತ್ತದೆ. ಆರನೇ ಗುಂಪು ಸೇರಿಸಿ.

ಮೂರನೇಎರಡು

ಮೇಲಿನದಕ್ಕೆ ಪೂರ್ತಿ ಸಹಮತ. ಕಲಾಪದ ಬಗ್ಗೆ ಮೂರು ಮಾತು ಸೇರಿಸುತ್ತೇನೆ, ಎರಡು ದಿನದ ಸಭೆಗೆ ನೇರವಾಗಿ ಬೇಕಾದವು.

ಒಮ್ಮೆ ತೀರ್ಮಾನಿಸಿದ್ದನ್ನು ಮತ್ತೆ ಎತ್ತಲು ಅವಕಾಶ ಇರಲಿ. ಫಿಲಡೆಲ್ಫಿಯಾದಲ್ಲಿ ಈ ನಿಯಮ ಇತ್ತು, ಯಾವ ಪ್ರತಿನಿಧಿ ಯಾವ ಕಡೆ ಮತ ಹಾಕಿದರು ಎಂದು ಹೆಸರು ಹಿಡಿದು ದಾಖಲಿಸುವುದನ್ನೂ ಕೈಬಿಟ್ಟರು, ಅಭಿಪ್ರಾಯ ಬದಲಿಸಲು ಮುಜುಗರ ಆಗದಿರಲಿ ಎಂದು. ಮೊದಲ ದಿನದ ಎಲ್ಲ ಮತದಾನವೂ ತಾತ್ಕಾಲಿಕ ಎಂದು ಘೋಷಿಸಿ, ಎರಡನೇ ದಿನ ಮಧ್ಯಾಹ್ನ ಇಡೀ ಪಠ್ಯಕ್ಕೆ ಒಂದೇ ಮತ ಹಾಕಿಸಿ. ಬಿಡಿ ವಿಧಿಗಳಿಗೆ ಸೋತವರು ಒಟ್ಟು ಪಠ್ಯಕ್ಕೆ ಒಪ್ಪುತ್ತಾರೆಯೇ ಎಂಬುದು ಆಗ ಗೊತ್ತಾಗುತ್ತದೆ.

ಬಹಿರಂಗ ಚರ್ಚೆಯ ನಡುವೆ ಬಾಗಿಲು ಮುಚ್ಚಿದ ಬಿಡುವು ಕೊಡಿ. ನಮ್ಮ ಸಂವಿಧಾನ ಸಭೆಯ ನಡಾವಳಿ ಬಹಿರಂಗವಾಗಿತ್ತು, ಮಂಡನೆಯಾದ ತಿದ್ದುಪಡಿಗಳೇ 2,473. ಆದರೂ ಕಠಿಣ ವಿಷಯಗಳ ಗಂಟು ಬಿಚ್ಚಿದ್ದು ಬಹುತೇಕ ಕಾಂಗ್ರೆಸ್ ಶಾಸಕಾಂಗ ಪಕ್ಷದ ಸಭೆಗಳಲ್ಲಿ. ಎಲ್ಲರ ಮುಂದೆ ಹೇಳಿದ ಮಾತಿನಿಂದ ಹಿಂದೆ ಸರಿಯುವುದು ಕಷ್ಟ.

ಕೊನೆಯದು, ತಿದ್ದುಪಡಿ ವಿಧಿಯನ್ನು ಮೊದಲ ದಿನವೇ ಚರ್ಚೆಗೆ ಹಾಕಿ, ಕೊನೆಗೆ ಇಡಬೇಡಿ. ಮುಂದೆ ಎಷ್ಟು ಸುಲಭವಾಗಿ ಬದಲಿಸಬಹುದು ಎಂದು ಗೊತ್ತಿಲ್ಲದೆ ಯಾರೂ ಯಾವುದನ್ನೂ ಬಿಟ್ಟುಕೊಡುವುದಿಲ್ಲ. ನಮ್ಮ 368ನೇ ವಿಧಿ, ಅದರ ಹೊರಗಿನ ಸಾಮಾನ್ಯ ಬಹುಮತದ ದಾರಿಯೂ ಸೇರಿ, ಮೂರು ಬಗೆಯ ಬಿಗಿ ಕೊಟ್ಟಿದೆ: ರಾಜ್ಯದ ಹೆಸರು, ಗಡಿ ಬದಲಿಸಲು ಸಾಮಾನ್ಯ ಬಹುಮತ, ಹೆಚ್ಚಿನ ವಿಧಿಗಳಿಗೆ ಸದನದ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು, ಒಕ್ಕೂಟ–ರಾಜ್ಯ ಸಂಬಂಧದ ವಿಧಿಗಳಿಗೆ ಅದರ ಮೇಲೆ ಅರ್ಧದಷ್ಟು ರಾಜ್ಯಗಳ ಅನುಮೋದನೆ. ಪ್ರತಿ ವಿಧಿಯ ಎದುರಿಗೆ ಒಂದು, ಎರಡು, ಮೂರು ಎಂದು ಗುರುತು ಹಾಕಿಸಿ. ಎಷ್ಟೋ ಜಗಳ ವಿಧಿಯ ಪಠ್ಯದಿಂದ ಆ ಗುರುತಿಗೆ ಸರಿಯುತ್ತದೆ, ಅಲ್ಲಿ ಬಗೆಹರಿಸುವುದು ಹೆಚ್ಚು ಸುಲಭ.

ಕರಡುಪ್ರತಿ

ಗೇಣಿದಾರರ ಗುಂಪು ಸೇರಿಸಿದೆ. ಒಟ್ಟು 60 ಸದಸ್ಯರಲ್ಲಿ ದೊಡ್ಡ ಪ್ರಾಂತ್ಯಕ್ಕೆ 24, ಸಣ್ಣ ಪ್ರಾಂತ್ಯಗಳಿಗೆ ತಲಾ 8, ಭಾಷಾ ಗುಂಪಿಗೆ 8, ಜಮೀನ್ದಾರರಿಗೆ 4, ಗೇಣಿದಾರರಿಗೆ 8. ಅಂಗೀಕಾರಕ್ಕೆ 40 ಮತ. ದೊಡ್ಡ ಪ್ರಾಂತ್ಯಕ್ಕೆ ಎಂಟರ ಎರಡು ಗುಂಪು ಜೊತೆಗಿದ್ದರೆ ಸಾಕು. ಉಳಿದ ಐದೂ ಸೇರಿದರೂ 36, ದೊಡ್ಡ ಪ್ರಾಂತ್ಯ ಬಿಟ್ಟು ಏನೂ ಪಾಸಾಗುವುದಿಲ್ಲ. ಇದು ಸರಿಯೇ?

ಮೂರನೇಎರಡು

ಅಲ್ಲೇ ತೊಂದರೆ ಇದೆ. ಅಂಗೀಕಾರಕ್ಕೆ 40 ಅಂದರೆ ತಡೆಯಲು 21 ಸಾಕು, ದೊಡ್ಡ ಪ್ರಾಂತ್ಯದ ಬಳಿ 24 ಇದೆ. ಒಂಟಿಯಾಗಿ ತಡೆಯುವ ಶಕ್ತಿ ಅದೊಂದಕ್ಕೇ ಸಿಕ್ಕಿದೆ. ಅದನ್ನು 20ಕ್ಕೆ ಇಳಿಸಿ, ತೆಗೆದ 4ನ್ನು ಜಮೀನ್ದಾರರಿಗೆ ಕೊಟ್ಟು 8 ಮಾಡಿ. ಆಗ ದೊಡ್ಡ ಪ್ರಾಂತ್ಯ ದಾಟಲು ಮೂರು ಗುಂಪು ಬೇಕು, ತಡೆಯಲು ಕನಿಷ್ಠ ಒಂದು ಗುಂಪು ಬೇಕು. ಉಳಿದ ಐದೂ ಒಟ್ಟಾದರೆ ಸರಿಯಾಗಿ 40, ಅದನ್ನು ಬಿಟ್ಟು ಪಾಸು ಮಾಡಬಹುದು, ಆದರೆ ಜಮೀನ್ದಾರರೂ ಗೇಣಿದಾರರೂ ಒಂದೇ ಕಡೆ ನಿಂತರೆ ಮಾತ್ರ.